ಆಕಾಶ ಚೆನ್ನಾಗಿದೆ, ನಾಳೆ ಬರ್ತೀನಿ

ಜನವರಿ ೧೧

ಅಪ್ಪನಿಗೆ,

ಪತ್ರ ನೋಡಿ ಗಾಬರಿಯಾಗಬೇಡಿ. ನನಗೇನೂ ಆಗಿಲ್ಲ, ಕೈಕಾಲು ನೆಟ್ಟಗಿವೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಮೂರನೇ ವಾಕ್ಯಕ್ಕೇ ಜಗಳಕ್ಕೆ ತಿರುಗುತ್ತದೆ. ಪತ್ರವಾದರೆ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳುತ್ತೀರಿ.

ನನಗೆ ನಿಮ್ಮ ದೊಡ್ಡ ಕ್ಯಾಮೆರಾ ಬೇಕು. ಸ್ಟುಡಿಯೋದ ಮೂಲೆಯಲ್ಲಿ ಕಪ್ಪು ಬಟ್ಟೆ ಹೊದ್ದು ನಿಂತಿದೆಯಲ್ಲ, ಆ ಮರದ ಕ್ಯಾಮೆರಾ. ಫಿಲ್ಮ್ ತುಂಬಿಸಿ ಅದರ ಬೆನ್ನಿಗೆ ಸಿಕ್ಕಿಸುವ ಹೋಲ್ಡರುಗಳೂ ಬೇಕು. ವಿಮಾನದಿಂದ ಧುಮುಕಿ, ಬೀಳುತ್ತಿರುವಾಗಲೇ ಅದರಲ್ಲಿ ಚಿತ್ರ ತೆಗೆಯಬೇಕೆಂದಿದ್ದೇನೆ.

ಈಗ ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿರಿ ಅಂತ ಗೊತ್ತು. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನಗೆ ಪ್ಯಾರಾಶೂಟಿನಲ್ಲಿ ಹಾರುವುದನ್ನು ಕಲಿಸಿದ ಮೇಷ್ಟ್ರಿಗೆ ಇದೇ ಕೊನೆಯ ಚಳಿಗಾಲ. ಹೃದಯದ ಡಾಕ್ಟರು ಇನ್ನು ಸಾಕು ಅಂದಿದ್ದಾರೆ. ಅವರ ಕೊನೆಯ ಹಾರಾಟದ ಒಂದು ಚಿತ್ರ ವಿಮಾನದ ಶೆಡ್ಡಿನ ಗೋಡೆಯಷ್ಟು ದೊಡ್ಡದಾಗಿ ಇರಬೇಕು ಅಂತ ನಮ್ಮೆಲ್ಲರ ಆಸೆ. ನಾನು ದಿನವೂ ಹೆಲ್ಮೆಟ್ಟಿಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ಹಾರುತ್ತೇನೆ. ಜೊತೆಗೆ ಹಾರುವವರ ಚಿತ್ರ ತೆಗೆಯುವುದೇ ನನ್ನ ಹೊಟ್ಟೆಪಾಡು. ಆ ಪುಟ್ಟ ಕ್ಯಾಮೆರಾ ಒಂದು ಹಾರಾಟಕ್ಕೆ ನೂರಾರು ಚಿತ್ರ ಕೊಡುತ್ತದೆ, ಆದರೆ ಗೋಡೆಯಷ್ಟು ಹಿಗ್ಗಿಸಿದರೆ ಮೇಷ್ಟ್ರ ಮುಖ ಗಂಜಿಯಾಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ತೆಗೆದ ಮುಖಗಳನ್ನು ನಾನು ನೋಡಿ ಬೆಳೆದಿದ್ದೇನೆ. ರೆಪ್ಪೆಯ ಕೂದಲು ಎಣಿಸಬಹುದಿತ್ತು.

ನಾನು ಬೆನ್ನು ನೆಲದ ಕಡೆ ಮಾಡಿ ಅವರ ಕೆಳಗೆ ಬೀಳುತ್ತೇನೆ. ಕ್ಯಾಮೆರಾ ಎದೆಯ ಮೇಲೆ, ಮುಖ ಮೇಲಕ್ಕೆ. ತೊಂದರೆ ಒಂದೇ. ಗಾಳಿಯಲ್ಲಿ ನೆಟ್ಟಗಿರಲು ಎರಡು ಕೈಯೂ ಬೇಕು. ಶಟರ್ ಒತ್ತಲು ಮೂರನೇ ಕೈ ಇಲ್ಲ.

ಕೊಡುತ್ತೀರೋ ಇಲ್ಲವೋ ಒಂದು ಸಾಲು ಬರೆಯಿರಿ.

ನಿಮ್ಮ ಮಗಳು


ಜನವರಿ ೧೯

ಮಿಡತೆಗೆ,

ಕನ್ನಡಕ ತೆಗೆದಿಟ್ಟದ್ದು ನಿಜ. ಅದೇನು ಎಲ್ಲ ಕಡೆ ‘ನೀವು, ನೀವು’? ನಾನು ಯಾವಾಗಿಂದ ನಿನಗೆ ‘ನೀವು’ ಆದೆ? ಬ್ಯಾಂಕಿನವರು ಬರೆದ ಹಾಗಿದೆ. ಹೋಗಲಿ ಬಿಡು, ಮೂರು ವರ್ಷದ ಮೇಲೆ ಬಂದ ಪತ್ರ, ಅದರಲ್ಲಿ ಕಲ್ಲು ಆರಿಸುತ್ತ ಕೂರಬಾರದು.

ಆ ಕ್ಯಾಮೆರಾ ನನಗಿಂತ ಹಿರಿಯದು. ಇದುವರೆಗೆ ಒಂದು ಸಲವೂ ತನ್ನ ಮೂರು ಕಾಲಿನ ಮೇಲಿಂದ ಬಿದ್ದಿಲ್ಲ. ಅದನ್ನು ಈಗ ವಿಮಾನದಿಂದ ಬೀಳಿಸುತ್ತೇನೆ ಅನ್ನುತ್ತೀಯ! ಆಕಾಶ ನೋಡೋಕೆ ನೂಕುನುಗ್ಗಲೇ ಅಂತ ಗಾದೆ ಮಾಡಿದವರು ನಿನ್ನನ್ನು ನೋಡಿರಲಿಲ್ಲ. ಐದು ವರ್ಷದವಳಿದ್ದಾಗ ಕಾಂಪೌಂಡ್ ಗೋಡೆಯಿಂದ ಹಾರಿ ಮೊಣಕಾಲು ಒಡೆದುಕೊಂಡೆ. ನಿಮ್ಮಮ್ಮ ಅರಿಸಿನ ಹಚ್ಚುತ್ತ, “ಇದು ಮಗು ಅಲ್ಲ ರೀ, ಮಿಡತೆ” ಅಂದಳು. ಆ ಹೆಸರು ನಿಂತುಬಿಟ್ಟಿತು.

ಕೊಡುತ್ತೇನೆ. ಆದರೆ ಇದ್ದ ಹಾಗೆ ಒಯ್ದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆ ತೊಗಲನ್ನು ಗಾಳಿ ಚಿಂದಿ ಮಾಡುತ್ತದೆ. ಅದನ್ನು ಬಿಚ್ಚಿ, ಅದರ ಜಾಗಕ್ಕೆ ತೆಳು ಹಲಗೆಯ ಗಟ್ಟಿ ಪೆಟ್ಟಿಗೆ ಮಾಡುತ್ತಿದ್ದೇನೆ. ಮುಂದೆ ಲೆನ್ಸು, ಹಿಂದೆ ಹೋಲ್ಡರ್. ಹನ್ನೆರಡು ಅಡಿಗೆ ಫೋಕಸ್ ಬಿಗಿ ಮಾಡಿ ಅಂಟು ಹಾಕುತ್ತೇನೆ. ಹತ್ತಿರ ಹೋಗಬೇಡ, ದೂರವೂ ನಿಲ್ಲಬೇಡ. ಒಂದು ಹೋಲ್ಡರಿಗೆ ಒಂದೇ ಫಿಲ್ಮು, ಗಾಳಿಯಲ್ಲಿ ಅದನ್ನು ಬದಲಿಸಲು ಆಗುವುದಿಲ್ಲವಲ್ಲ, ಹಾಗಾಗಿ ಒಂದು ಹಾರಾಟಕ್ಕೆ ಒಂದೇ ಚಿತ್ರ. ಧುಮುಕುವ ಮೊದಲು ಹೋಲ್ಡರಿನ ಜಾರುಮುಚ್ಚಳ ಎಳೆದು ಒಳಗಡೆ ಜೇಬಿಗೆ ಹಾಕಿಕೊ. ಮರೆತರೆ ಮುಚ್ಚಳದ ಫೋಟೋ ಬರುತ್ತದೆ.

ಮೂರನೇ ಕೈ ಬೇಡ. ರಬ್ಬರ್ ಗುಂಡು ನೆನಪಿದೆಯಾ? ಉದ್ದ ಕೊಳವೆಯ ತುದಿಯಲ್ಲಿರುತ್ತಿತ್ತು. ಮಕ್ಕಳನ್ನು ಕೂರಿಸಿ “ಹಕ್ಕಿ ಬರುತ್ತೆ ನೋಡು” ಅನ್ನುತ್ತ ಅದನ್ನು ಹಿಂಡುತ್ತಿದ್ದೆ. ಅದನ್ನು ಹಲ್ಲಿನಲ್ಲಿ ಕಚ್ಚಿಕೊ. ಕಚ್ಚಿದರೆ ಶಟರ್ ಬೀಳುತ್ತದೆ, ಕೈ ಎರಡೂ ಬಿಡುವಾಗಿರುತ್ತವೆ. ಎಡಗಡೆ ಡ್ರಾಯರಿನಲ್ಲಿರಬೇಕು.

ಹೋಲ್ಡರಿನ ಬಗ್ಗೆ ಇನ್ನೊಂದು ಮಾತು. ಜಾರುಮುಚ್ಚಳಕ್ಕೆ ಒಂದು ಮೈ ಬಿಳಿ, ಒಂದು ಮೈ ಕಪ್ಪು. ನನ್ನ ಗುರುಗಳು ಹೇಳಿಕೊಟ್ಟದ್ದು ಹೀಗೆ: ಬೆಳಕು ತಿಂದ, ಅಂದರೆ ಚಿತ್ರ ತೆಗೆದಾದ ಫಿಲ್ಮಿಗೆ ಬಿಳಿ ಹೊರಗೆ, ಇನ್ನೂ ಕತ್ತಲಲ್ಲಿರುವ ಹೊಸ ಫಿಲ್ಮಿಗೆ ಕಪ್ಪು ಹೊರಗೆ. ಊರಿಗೆಲ್ಲ ಇದು ಉಲ್ಟಾ ಅಂತ ನನಗೆ ಗೊತ್ತು. ನೀನು ಹೊರಗೆ ಕಲಿತದ್ದೂ ಆ ಉಲ್ಟಾ ಪದ್ಧತಿಯೇ. ನಿನಗೆ ಗೊಂದಲ ಬೇಡ ಅಂತ, ನಿನಗಾಗಿ ತುಂಬಿಸಿದ ನಾಲ್ಕು ಹೋಲ್ಡರನ್ನೂ ನಿನ್ನ ಪದ್ಧತಿಯಲ್ಲೇ, ಬಿಳಿ ಹೊರಗೆ ಇಟ್ಟಿದ್ದೇನೆ. ಜನ್ಮದಲ್ಲಿ ಮೊದಲ ಸಲ ಗುರುಗಳ ಮಾತು ಮೀರಿದೆ.

ಫೆಬ್ರವರಿ ಐದಕ್ಕೆ ನನ್ನ ಬಲಗಣ್ಣಿನ ಆಪರೇಷನ್. ಒಳಗಿನ ಪರದೆ ಹರಿದಿದೆಯಂತೆ. ಎಡಗಣ್ಣು ಮೊದಲೇ ಮಂಜು. ನಾಲ್ಕು ದಿನ ಆಸ್ಪತ್ರೆಯಲ್ಲಿರುತ್ತೇನೆ. ಅದಕ್ಕಿಂತ ಮೊದಲೇ ಬಾ, ಇಲ್ಲವೇ ಆಮೇಲೆ ಬಾ. ನಾನಿದ್ದಾಗ ಬಾ.

ಅಮ್ಮ ಹೋದ ದಿನ ಬಂದವರೆಲ್ಲ ಅವಳ ಫೋಟೋ ಎಲ್ಲಿ ಅಂತ ಕೇಳುತ್ತಿದ್ದರು. ನೀನು ಎಲ್ಲರೆದುರು, “ಊರವರ ಮುಖವೆಲ್ಲ ತೆಗೆದೆ, ಕಟ್ಟಿಕೊಂಡವಳ ಒಂದು ಫೋಟೋ ತೆಗೆಯೋಕೆ ನಿನಗೆ ಬಿಡುವಾಗಲಿಲ್ವಾ?” ಅಂದೆ. ಆಗ ನಾನು ಉತ್ತರ ಕೊಡಲಿಲ್ಲ. ಈಗಲೂ ಕೊಡುವುದಿಲ್ಲ. ಕ್ಯಾಮೆರಾ ಮಾತ್ರ ಕೊಡುತ್ತೇನೆ.

ಅಪ್ಪ


ಫೆಬ್ರವರಿ ೭

ಅಪ್ಪನಿಗೆ,

ನಿನ್ನೆ ಮನೆಗೆ ಬಂದಿದ್ದೆ. ಕೀಲಿ ಪಕ್ಕದ ಅಂಗಡಿಯ ಗಡಿಯಾರದ ಮಾಮನ ಹತ್ತಿರ ಇತ್ತು. ನೀವು ಆಸ್ಪತ್ರೆಯಲ್ಲಿದ್ದೀರಿ ಅಂದರು. ತಾರೀಖು ಮರೆತಿದ್ದೆ ಅಂತ ಅವರಿಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ ಕೀಲಿ ಕೊಟ್ಟರು.

ಪೆಟ್ಟಿಗೆ ಕ್ಯಾಮೆರಾ ಬಹಳ ಚೆನ್ನಾಗಿ ಆಗಿದೆ. ಅಂಚುಗಳನ್ನು ಮರಳುಕಾಗದದಲ್ಲಿ ತಿಕ್ಕಿ ದುಂಡಗೆ ಮಾಡಿದ್ದೀರಿ. ನನ್ನ ಗಲ್ಲಕ್ಕೆ ತಾಗಬಾರದು ಅಂತ ಅಲ್ಲವಾ? ಕಣ್ಣು ಕಾಣದೆ ಇದನ್ನೆಲ್ಲ ಹೇಗೆ ಮಾಡಿದಿರೋ.

ರಬ್ಬರ್ ಗುಂಡು ಡ್ರಾಯರಿನಲ್ಲಿ ಸಿಗಲಿಲ್ಲ. ಎಲ್ಲ ಕಡೆ ಹುಡುಕಿ, ಕೊನೆಗೆ ಕತ್ತಲೆಕೋಣೆಯ ತೊಟ್ಟಿಯ ಮೇಲಿನ ಪುಟ್ಟ ಕಪಾಟಿನಲ್ಲಿ, ಬಾಟಲಿಗಳ ಹಿಂದೆ ಸಿಕ್ಕಿತು. ಅದರ ಜೊತೆ ಇನ್ನೊಂದು ಹೋಲ್ಡರೂ ಇತ್ತು, ಬಿಳಿ ಹೊರಗೆ. ತುಂಬಿಸಿ ಅಲ್ಲೇ ಮರೆತಿದ್ದೀರಿ ಅಂತ ಅದನ್ನೂ ತಂದೆ. ನಾಲ್ಕಕ್ಕಿಂತ ಐದು ಒಳ್ಳೆಯದಲ್ಲವಾ.

ಸ್ಟುಡಿಯೋದಲ್ಲಿ ದೀಪದ ಕೆಳಗೆ ಎರಡು ಕುರ್ಚಿ ಪಕ್ಕಪಕ್ಕ ಹಾಗೇ ಇದ್ದವು. ಸಾಮಾನು ಕಟ್ಟಲು ಜಾಗ ಸಾಲದೆ ಒಂದನ್ನು ಗೋಡೆಗೆ ಸರಿಸಿದೆ.

ಆಸ್ಪತ್ರೆಯ ಗೇಟಿನವರೆಗೆ ಬಂದಿದ್ದೆ. ನೋಡುವ ಹೊತ್ತು ಮುಗಿದಿತ್ತು. ಕಣ್ಣು ಜೋಪಾನ.

ನಿಮ್ಮ ಮಗಳು


ಫೆಬ್ರವರಿ ೧೨

ಮಿಡತೆಗೆ,

ಕಣ್ಣಿಗೆ ಪಟ್ಟಿ ಇದೆ, ತಲೆ ತಗ್ಗಿಸಿ ಕೂತಿರಬೇಕು ಅಂತ ಡಾಕ್ಟರ ಆಜ್ಞೆ. ತಪ್ಪು ಮಾಡಿದ ಶಾಲೆ ಹುಡುಗನ ಹಾಗಿದ್ದೇನೆ. ಅದಕ್ಕೇ ಇದನ್ನು ಗಡಿಯಾರದವನ ಕೈಯಲ್ಲಿ ಬರೆಸುತ್ತಿದ್ದೇನೆ. ಇವನ ಅಕ್ಷರ ಇವನ ಗಡಿಯಾರಗಳ ಹಾಗೇ, ಒಂದು ಮುಂದೆ ಒಂದು ಹಿಂದೆ. (ಇದನ್ನೂ ಬರೆಯೋ ಅನ್ನುತ್ತಿದ್ದಾರೆ, ಬರೆದಿದ್ದೇನೆ. ನನ್ನ ಅಕ್ಷರಕ್ಕೆ ಏನಾಗಿದೆ? — ಗಡಿಯಾರದ ಮಾಮ)

ನಿನ್ನ ಪತ್ರ ಇವನೇ ಓದಿ ಹೇಳಿದ. ಕಪಾಟಿನಲ್ಲಿದ್ದ ಹೋಲ್ಡರ್ ನಿನ್ನದಲ್ಲ. ಅದು ನಿನ್ನ ಪದ್ಧತಿಯದೂ ಅಲ್ಲ. ನನ್ನ ಪದ್ಧತಿಯಲ್ಲಿ ಬಿಳಿ ಹೊರಗಿರುವುದು, ಅಂದರೆ ಅದು ಬೆಳಕು ತಿಂದ ಫಿಲ್ಮು. ಅದನ್ನು ಮುಟ್ಟಬೇಡ. ಮುಚ್ಚಳ ಎಳೆಯಬೇಡ. ಬಟ್ಟೆಯಲ್ಲಿ ಸುತ್ತಿ ಎತ್ತಿಡು. ನಾನೇ ಯಾರನ್ನಾದರೂ ಕಳಿಸಿ ತರಿಸಿಕೊಳ್ಳುತ್ತೇನೆ. ಏನದು ಅಂತ ಕೇಳಬೇಡ.

ಮೂರು ಸಲ ಫೋನ್ ಮಾಡಿಸಿದೆ. ನೀನು ಎತ್ತಲಿಲ್ಲ. ಮೈದಾನದ ಆಫೀಸಿಗೆ ಮಾಡಿದರೆ ಅಲ್ಲೊಬ್ಬ, “ಅವರು ಮೇಲಿದ್ದಾರೆ” ಅಂದ. ಕೇಳಿದವರಿಗೆ ಎದೆ ಒಡೆಯಬೇಕು, ಅಂಥ ಮಾತು. ಬಂದಮೇಲೆ ಹೇಳಿ ಅಂದೆ. ಹೇಳಿದನೋ ಇಲ್ಲವೋ.

ಆ ಕುರ್ಚಿ ಯಾಕೆ ಸರಿಸಿದೆ?

ಅಪ್ಪ
(ನಿಮ್ಮಪ್ಪ ಈ ಎರಡು ದಿನ ಊಟ ಸರಿಯಾಗಿ ಮಾಡಿಲ್ಲ ಮಗಳೇ. ಇದನ್ನು ಅವರು ಬರೆಸಿದ್ದಲ್ಲ.)


ಫೆಬ್ರವರಿ ೨೫

ಅಪ್ಪನಿಗೆ,

ನಿಮ್ಮ ಪತ್ರ ನನಗೆ ಸಿಕ್ಕಿದ್ದು ನಿನ್ನೆ. ನಾವೆಲ್ಲ ಬೇರೆ ಮೈದಾನದಲ್ಲಿದ್ದೆವು. ಅದು ಇಲ್ಲಿ ಆಫೀಸಿನ ಮೇಜಿನ ಮೇಲೆ ಕಾದು ಕೂತಿತ್ತು. ನೀವು ಫೋನ್ ಮಾಡಿದ್ದು ನೋಡಿದ್ದೆ. ಆಸ್ಪತ್ರೆಗೆ ಯಾಕೆ ಬರಲಿಲ್ಲ ಅಂತ ಕೇಳುತ್ತೀರಿ ಅಂದುಕೊಂಡು ತಿರುಗಿ ಮಾಡಲಿಲ್ಲ.

ಹೇಗೆ ಬರೆಯಲಿ. ಐದನೆಯದನ್ನೂ ಬಳಸಿಬಿಟ್ಟೆ ಅಪ್ಪ.

ಮೊದಲನೇ ಹಾರಾಟದಲ್ಲಿ ಮುಚ್ಚಳ ಎಳೆಯುವುದನ್ನೇ ಮರೆತೆ. ನೀವು ಅಂದ ಹಾಗೇ ಆಯಿತು, ಇಳಿದ ಮೇಲೆ ಗಾಬರಿಯಲ್ಲಿ ಬಿಸಿಲಿನಲ್ಲೇ ಅದನ್ನು ಎಳೆದು ಆ ಫಿಲ್ಮೂ ಹಾಳಾಯಿತು. ಎರಡನೆಯದರಲ್ಲಿ ನಾನು ತಿರುಗಿಹೋದೆ, ಬರೀ ಮೋಡ ಸಿಕ್ಕಿರಬೇಕು. ಮೂರು, ನಾಲ್ಕು ಪರವಾಗಿಲ್ಲ ಅನ್ನಿಸಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮರುದಿನ ಬೆಳಗ್ಗೆ ಮೇಷ್ಟ್ರು, “ಇದು ಕೊನೇದು, ಇನ್ನು ಕೇಳಿದ್ರೆ ಹೆಂಡತಿ ಮನೆಗೆ ಸೇರಿಸಲ್ಲ” ಅಂದರು. ನಾನು ಐದನೆಯ ಹೋಲ್ಡರ್ ಹಾಕಿಕೊಂಡೆ.

ವಿಮಾನದ ಬಾಗಿಲಲ್ಲಿ ನಿಂತಾಗ ಎದೆಯ ಮೇಲೆ ನಿಮ್ಮ ಪೆಟ್ಟಿಗೆ ಕೂಸಿನ ಹಾಗೆ ಭಾರವಾಗಿತ್ತು. ಮುಚ್ಚಳ ಎಳೆದು ಜೇಬಿಗೆ ಹಾಕಿದೆ, ಗುಂಡನ್ನು ಕಚ್ಚಿದೆ. ಹಳೆಯ ರಬ್ಬರಿನ ವಾಸನೆ, ಅದರಲ್ಲಿ ಸ್ಟುಡಿಯೋದ ಔಷಧಿ ವಾಸನೆ. ಧುಮುಕಿದ ಮೇಲೆ ಸದ್ದು ಬಿಟ್ಟರೆ ಬೇರೇನೂ ಇರುವುದಿಲ್ಲ, ಗಾಳಿಯದೇ ಸದ್ದು. ಬೆನ್ನ ಮೇಲೆ ತಿರುಗಿದೆ. ನಾಲ್ಕು ಜನ ಮೇಲಿನಿಂದ ಇಳಿದು ಬಂದು ಕೈ ಕೈ ಹಿಡಿದುಕೊಂಡರು. ಮೂವರದು ತಿಳಿ ಬಣ್ಣದ ಉಡುಪು, ಮೇಷ್ಟ್ರದು ಯಾವಾಗಲಿನಂತೆ ಅಡಿಯಿಂದ ಮುಡಿಯವರೆಗೆ ಕಪ್ಪು. ಅವರು ನನ್ನ ಮೇಲೆ ಚಾಚಿಕೊಂಡು, ನನ್ನ ಕಡೆ ನೋಡಿ ನಕ್ಕರು. ಅವರ ಹಿಂದೆ ಆಕಾಶ ಬೆಳ್ಳಗೆ ಉರಿಯುತ್ತಿತ್ತು. ಕಚ್ಚಿದೆ. ಶಟರಿನ ಸದ್ದು ಕೇಳಲಿಲ್ಲ, ಹಲ್ಲಿಗೆ ಗೊತ್ತಾಯಿತು. ಇಷ್ಟು ವರ್ಷದಲ್ಲಿ ಅಂಥದೊಂದು ಕ್ಷಣ ನನಗೆ ಸಿಕ್ಕಿಲ್ಲ. ಇಳಿದ ಮೇಲೆ ಹುಲ್ಲಿನಲ್ಲಿ ಕೂತು ಅತ್ತುಬಿಟ್ಟೆ, ಖುಷಿಗೆ.

ಈಗ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಫಿಲ್ಮಿನ ಮೇಲೆ ಮೊದಲೇ ಇನ್ನೊಂದು ಚಿತ್ರ ಇತ್ತಾ? ಯಾರದು? ಗಿರಾಕಿಗಳದಾದರೆ ಅವರನ್ನು ಹುಡುಕಿ ನಾನೇ ಕ್ಷಮೆ ಕೇಳುತ್ತೇನೆ. ಐದನ್ನೂ ಹಾಗೇ ಇಟ್ಟಿದ್ದೇನೆ, ಯಾವುದನ್ನೂ ತೊಳೆಯಲು ಕೊಟ್ಟಿಲ್ಲ.

ಗಡಿಯಾರದ ಮಾಮ, ಇದನ್ನು ಓದುತ್ತಿರುವುದು ನೀವೇ ಅಲ್ಲವಾ? ಅಪ್ಪನಿಗೆ ನಿಧಾನವಾಗಿ ಹೇಳಿ.

ನಿಮ್ಮ ಮಗಳು


ಮಾರ್ಚ್ ೪

ಮಗಳೇ,

ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ನೀನೇ ಬಿಡಿಸಿ ಓದಿಕೊ. ಈ ಮಾತು ಗಡಿಯಾರದವನ ಕೈಯಲ್ಲಿ ಬರೆಸುವಂಥದ್ದಲ್ಲ. ಅವನು ನಿನ್ನ ಪತ್ರ ಓದುತ್ತ ಮಧ್ಯೆ ನಿಲ್ಲಿಸಿದ. ಮುಂದೆ ಓದೋ ಅಂದೆ. ಓದಿ ಮುಗಿಸಿ, ಕಾಫಿ ಮಾಡ್ತೀನಿ ಅಂತ ಎದ್ದುಹೋದ.

ಅದು ನಿಮ್ಮಮ್ಮ.

ಅವಳು ಹೋಗುವ ಹಿಂದಿನ ದಿನ ಸಂಜೆ ತೆಗೆದದ್ದು. ನಿನಗೆ ಗೊತ್ತಲ್ಲ, ಕ್ಯಾಮೆರಾ ಕಂಡರೆ ಒಳಗೆ ಓಡುತ್ತಿದ್ದಳು. “ನಿಮ್ಮ ಆ ಒಂಟಿಗಣ್ಣು ನನ್ನನ್ನು ನೋಡೋದು ಬೇಡ” ಅನ್ನುತ್ತಿದ್ದಳು. ನಾನೂ ಬಿಟ್ಟುಬಿಟ್ಟೆ, ಇವತ್ತಲ್ಲ ನಾಳೆ ಅಂತ. ಮನೆಯಲ್ಲಿರುವುದು ಮದುವೆಯ ಗುಂಪಿನ ಫೋಟೋ ಒಂದೇ. ಅದರಲ್ಲೂ ಅವಳ ಮುಖಕ್ಕೆ ಯಾರದೋ ಭುಜ ಅಡ್ಡ. ಆ ಸಂಜೆ ತಾನಾಗಿ ಎದ್ದು, ತಲೆ ಬಾಚಿಕೊಂಡು, ಗೋಡೆ ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು. “ತೆಗೀರಿ ಇವತ್ತು” ಅಂದಳು. ಒಂದೇ ತೆಗೆದೆ.

ತೊಳೆಯಲಿಲ್ಲ. ಯಾಕೆ ಅಂತ ಕೇಳಬೇಡ. ಕೈ ಬರಲಿಲ್ಲ ಅಂತ ಇಟ್ಟುಕೊ.

ತಪ್ಪು ನಿನ್ನದಲ್ಲ. ನನ್ನ ಪದ್ಧತಿಯಲ್ಲೇ ನಾಲ್ಕಕ್ಕೂ ಕಪ್ಪು ಹೊರಗೆ ಇಟ್ಟಿದ್ದರೆ ಆ ಒಂದು ಬಿಳಿ ಕಂಡಾಗ ನೀನು ಕೇಳುತ್ತಿದ್ದೆ. ನಿನಗೆ ಅನುಕೂಲ ಮಾಡಲು ಹೋಗಿ ಹೀಗಾಯಿತು. ಮಿಂಚಿಹೋದ ಕೆಲಸಕ್ಕೆ ಚಿಂತಿಸಿ ಏನು ಬಂತು.

ಹೋಲ್ಡರುಗಳನ್ನೆಲ್ಲ ಕಳಿಸಿಕೊಡು. ನಿಮ್ಮ ಮೇಷ್ಟ್ರದನ್ನೂ ತೊಳೆದುಕೊಡುತ್ತೇನೆ. ಕತ್ತಲೆಕೋಣೆಯಲ್ಲಿ ಕಣ್ಣಿದ್ದವನೂ ಇಲ್ಲದವನೂ ಒಂದೇ. ಐದನೆಯದನ್ನು ನಾನೊಬ್ಬನೇ ತೊಳೆಯುತ್ತೇನೆ. ನೀನು ಬರುವುದು ಬೇಡ.

ಅಪ್ಪ


ಮಾರ್ಚ್ ೧೧

ಅಪ್ಪಾ,

ನಿನ್ನ ಪತ್ರ ಓದಲು ಒಂದು ಇಡೀ ದಿನ ಹಿಡಿಯಿತು. ಅಕ್ಷರ ಬಿಡಿಸಲು ಅಲ್ಲ.

ಮೂರು ವರ್ಷ ನಿನಗೆ ಆ ಮಾತು ಅಂಟಿಸಿಟ್ಟಿದ್ದೆ. ಒಂದು ಫೋಟೋ ಇಲ್ಲ ಅಂತ. ನೀನು ಒಂದು ಸಲ ಬಾಯಿ ಬಿಟ್ಟು “ಇದೆ” ಅನ್ನಬಹುದಿತ್ತಲ್ಲ? ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಂತೆಯಲ್ಲ, ಯಾಕಪ್ಪಾ? ನನಗೆ ಅರ್ಥವೇ ಆಗುತ್ತಿಲ್ಲ. ಇದ್ದ ಒಂದನ್ನೂ ನಾನೇ ಒಯ್ದು ಆಕಾಶಕ್ಕೆ ಚೆಲ್ಲಿ ಬಂದೆ. ಚೆಲ್ಲಿ, ಹುಲ್ಲಿನಲ್ಲಿ ಕೂತು ಖುಷಿಗೆ ಅತ್ತೆ.

ಆ ಸಂಜೆ ಅಂದೆಯಲ್ಲ. ಆ ದಿನವೇ ನಾನು ಬರಬೇಕಿತ್ತು. ಮಧ್ಯಾಹ್ನ ಫೋನ್ ಮಾಡಿ ಅಮ್ಮನಿಗೆ, “ಆಕಾಶ ಚೆನ್ನಾಗಿದೆ, ಇನ್ನೊಂದು ಹಾರಿ ನಾಳೆ ಬರ್ತೀನಿ” ಅಂದೆ. ಅಮ್ಮ, “ಆಯ್ತು ಮಿಡತೆ, ಹುಷಾರು” ಅಂದಳು. ಅಷ್ಟೇ. ಉಸಿರಿಗೆ ಕಷ್ಟಪಡುತ್ತಿದ್ದಾಳೆ ಅಂತ ದನಿಯಲ್ಲಿ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ. ಮರುದಿನ ಬಂದಾಗ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ನಿನ್ನ ಮೇಲೆ ಕೂಗಾಡಿದ್ದು ಫೋಟೋಗೇನಾ ಅಂತ ಈಗ ಯೋಚಿಸುತ್ತಿದ್ದೇನೆ.

ಹೋಲ್ಡರ್ ಕಳಿಸುವುದಿಲ್ಲ. ಇನ್ನೊಬ್ಬರ ಕೈಗೆ ಅದನ್ನು ಕೊಡಲಾರೆ. ನಾನೇ ತರುತ್ತೇನೆ, ಇಬ್ಬರೂ ಸೇರಿ ತೊಳೆಯೋಣ. ಬೇಡ ಅನ್ನಬೇಡ. ಈ ಸಲ ಆಕಾಶ ಹೇಗೇ ಇರಲಿ, ಹೇಳಿದ ದಿನ ಬರುತ್ತೇನೆ. ಇಪ್ಪತ್ತೇಳಕ್ಕೆ.

ನಿನ್ನ ಮಿಡತೆ


ಏಪ್ರಿಲ್ ೩

ಅಪ್ಪಾ,

ಊರಿಂದ ಮೈದಾನಕ್ಕೆ ಬಂದು ತಲುಪಿದೆ. ನಿನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಅಂತ ಹುಡುಕಿದ್ದು ಬಿಟ್ಟರೆ ಮನೆ ಇದ್ದ ಹಾಗೇ ಇದೆ. ಗಡಿಯಾರದ ಮಾಮನ ಅಂಗಡಿಯಲ್ಲಿ ಇನ್ನೂ ಎಲ್ಲ ಗಡಿಯಾರ ಬೇರೆ ಬೇರೆ ಹೊತ್ತು ತೋರಿಸುತ್ತಿವೆ.

ಮೇಷ್ಟ್ರು ನೀನು ತೊಳೆದ ಮೂರನೆಯದನ್ನು ಗೋಡೆಗೆ ಆರಿಸಿದ್ದಾರೆ. ತಮ್ಮ ಮುಖದ ಸುಕ್ಕು ನೋಡಿ, “ಇಷ್ಟು ನಿಜ ಹೇಳೋ ಕ್ಯಾಮೆರಾ ಬೇಡಿತ್ತು” ಅಂದರು. ನಿನಗೆ ನಮಸ್ಕಾರ ತಿಳಿಸಿದ್ದಾರೆ.

ಕತ್ತಲೆಕೋಣೆಯಲ್ಲಿ ಆದದ್ದನ್ನೇ ಯೋಚಿಸುತ್ತಿದ್ದೇನೆ. ನೀನು ತಟ್ಟೆ ಅಲ್ಲಾಡಿಸುತ್ತಿದ್ದೆ. ಕೆಂಪು ದೀಪದಲ್ಲಿ ನಿನಗೆ ಏನೂ ಕಾಣುತ್ತಿರಲಿಲ್ಲ. “ಏನು ಬಂತು?” ಅಂತ ಕೇಳುತ್ತಿದ್ದೆ. ನಾನು ತಟ್ಟೆಯ ಮೇಲೆ ಬಗ್ಗಿ ನೋಡುತ್ತಲೇ ಇದ್ದೆ. ಆಮೇಲೆ ಹೇಳಿದೆನಲ್ಲ, ಅದೇ: ಅಮ್ಮನ ಮುಖ ಬಂದಿದೆ. ಮುಖ ಒಂದೇ, ಸುತ್ತಲಿನದು ಏನೂ ಉಳಿದಿಲ್ಲ. ಸ್ವಲ್ಪ ನಗುತ್ತಿದ್ದಾಳೆ. ಅಷ್ಟು ಕೇಳಿ ನೀನು “ಮುಖ ಒಂದೇನಾ? ಬೇರೇನೂ ಇಲ್ಲವಾ?” ಅಂತ ಎರಡು ಸಲ ಕೇಳಿದೆ. ಇಲ್ಲ ಅಂದೆ. ಆಗ ನೀನು ತೊಟ್ಟಿಯ ಅಂಚು ಹಿಡಿದು ಉಸಿರು ಬಿಟ್ಟದ್ದು ಇನ್ನೂ ಕಿವಿಯಲ್ಲಿದೆ.

ಆ ರಾತ್ರಿ ನೀನು ಗೊರಕೆ ಹೊಡೆದು ಮಲಗಿದೆ. ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದೆ.

ನೆಗೆಟಿವ್ ನಿನ್ನ ಹತ್ತಿರವೇ ಇರಲಿ. ಅದು ನಿನ್ನದು.

ನಿನ್ನ ಮಿಡತೆ


ಮೇ ೨

ಮಿಡತೆ,

ಪಟ್ಟಿ ಬಿಚ್ಚಿದರು. ಹೊಸ ಕನ್ನಡಕ ಕೊಟ್ಟರು. ಮೊದಲು ಕಂಡದ್ದು ಗಡಿಯಾರದವನ ಮುಖ. ಕಣ್ಣಿಗೆ ಇಷ್ಟು ಕಷ್ಟಪಟ್ಟದ್ದು ಇದಕ್ಕಾ ಅಂತ ಕೇಳಿದೆ. ಅವನಿಗೆ ಕಣ್ಣಲ್ಲಿ ನೀರು ಬಂತು, ಪಾಪ.

ನೆಗೆಟಿವನ್ನು ಅವನಿಗೂ ತೋರಿಸಿರಲಿಲ್ಲ. ಮೊದಲು ನಾನೇ ನೋಡಬೇಕು ಅಂತ ಬೀಗ ಹಾಕಿಟ್ಟಿದ್ದೆ. ನಿನ್ನೆ ಕಿಟಕಿಗೆ ಹಿಡಿದು ನೋಡಿದೆ. ಆಮೇಲೆ ಒಂದು ಪ್ರಿಂಟ್ ಹಾಕಿದೆ.

ಮುಖ ಇಲ್ಲ, ಮಗಳೇ.

ನಿನ್ನ ಆಕಾಶ ಅಷ್ಟು ಬೆಳಕಿತ್ತು. ಅವಳ ಮುಖ ಇದ್ದ ಜಾಗವನ್ನೆಲ್ಲ ಸುಟ್ಟುಹಾಕಿದೆ. ನೆಗೆಟಿವಿನಲ್ಲಿ ಅಲ್ಲಿ ಬರೀ ಇದ್ದಿಲು. ತಿಳಿ ಬಣ್ಣದ ಉಡುಪಿನವರ ಮೇಲೂ ಏನೂ ಉಳಿದಿಲ್ಲ. ಉಳಿದದ್ದು ಒಂದೇ ಕಡೆ, ನಿಮ್ಮ ಮೇಷ್ಟ್ರ ಕಪ್ಪು ಉಡುಪಿನೊಳಗೆ. ಕಪ್ಪಿನಿಂದ ಫಿಲ್ಮಿಗೆ ಬೆಳಕು ಬೀಳುವುದಿಲ್ಲವಲ್ಲ, ಹಾಗಾಗಿ ಮೊದಲಿನ ಚಿತ್ರ ಅಲ್ಲಿ ಹಾಗೇ ನಿಂತಿದೆ. ಅವರ ಎದೆಯ ಮೇಲೆ ಅವಳ ಬಲಗೈ. ಆ ಕೈಯ ಕೆಳಗೆ ಒಂದು ಖಾಲಿ ಕುರ್ಚಿ.

ಇಷ್ಟು ದೊಡ್ಡ ಫಿಲ್ಮಿನಲ್ಲಿ ಉಳಿಯಬೇಕಾದದ್ದು ಅದೇನಾ! ನಾನು ಮೂರು ವರ್ಷ ಯಾವುದನ್ನು ನಿನಗೆ ತೋರಿಸಬಾರದು ಅಂತ ಬಚ್ಚಿಟ್ಟೆನೋ, ಅದೊಂದನ್ನೇ ನೋಡಿ, ನೀನು ಬೇರೇನೂ ಇಲ್ಲ ಅಂದೆ.

ಇನ್ನು ಮುಚ್ಚಿಟ್ಟು ಫಲವಿಲ್ಲ, ಹೇಳಿಬಿಡುತ್ತೇನೆ. ಆ ಸಂಜೆ ಅವಳು ತೆಗೆಸಿಕೊಳ್ಳಲು ಬಂದದ್ದು ತನ್ನ ಫೋಟೋ ಅಲ್ಲ, ನಿಮ್ಮಿಬ್ಬರದು. ನೀನು ಬರುವ ದಿನ ಅಂತ ಎರಡು ಕುರ್ಚಿ ಹಾಕಿಸಿದ್ದಳು. ನಿನ್ನ ಫೋನ್ ಬಂದ ಮೇಲೆ ನಾನು ಒಂದನ್ನು ಎತ್ತಲು ಹೋದೆ. “ಅದು ಅಲ್ಲೇ ಇರಲಿ ರೀ, ಬಂದೇ ಬರ್ತಾಳೆ” ಅಂದಳು. ಕುರ್ಚಿಯ ಮೇಲೆ ಕೈಯಿಟ್ಟು ಕೂತಳು. ಬಸ್ಸಿನಲ್ಲಿ ಪಕ್ಕದವರಿಗೆ ಜಾಗ ಹಿಡಿದು ಕೂರುತ್ತಾರಲ್ಲ, ಹಾಗೆ. “ಇದು ಸುಮ್ಮನೆ ಇರಲಿ, ನಾಳೆ ಅವಳು ಬಂದ ಮೇಲೆ ಸರಿಯಾದ್ದು ತೆಗೀರಿ” ಅಂದಳು. ಗುಂಡು ಹಿಂಡಿದೆ.

ಅದನ್ನು ಹೇಗೆ ತೊಳೆಯಲಿ? ತೊಳೆದರೆ ಫೋಟೋ ಆಗುತ್ತಿತ್ತು, ಗೋಡೆಗೆ ಹಾಕಬೇಕಿತ್ತು, ನೀನು ನೋಡಬೇಕಿತ್ತು. ನೋಡಿದರೆ ಜೀವನವಿಡೀ ಆ ಕುರ್ಚಿಯಲ್ಲೇ ಕೂತುಬಿಡುತ್ತೀಯ ಅಂತ ನನಗೆ ಭಯ. ಅಪ್ಪ ಕಲ್ಲೆದೆಯವನು, ಹೆಂಡತಿಯ ಒಂದು ಫೋಟೋ ತೆಗೆಯಲಿಲ್ಲ ಅಂತ ನೀನು ಬೈದುಕೊಂಡಿರುವುದೇ ವಾಸಿ ಅನ್ನಿಸಿತು. ಬೈಗುಳ ತಿಂದು ಯಾರೂ ಸತ್ತಿಲ್ಲ.

ಮಾರ್ಚಿನಲ್ಲಿ ನೀನು ಬರುತ್ತೇನೆ ಅಂದಾಗ ಹೆದರಿದ್ದೆ. “ಮುಖ ಒಂದೇ” ಅಂತ ನೀನಂದಾಗ ದೇವರೇ ಉಳಿಸಿದ ಅಂದುಕೊಂಡೆ. ಒಂದು ತಿಂಗಳು ಸುಖವಾಗಿ ನಿದ್ದೆ ಮಾಡಿದೆ. ಆ ನಿದ್ದೆಯನ್ನು ನನಗೆ ಕೊಟ್ಟು, ಅದರ ಭಾರವನ್ನೆಲ್ಲ ನೀನೊಬ್ಬಳೇ ಹೊತ್ತುಕೊಂಡು ಬಸ್ಸು ಹತ್ತಿದೆಯಲ್ಲ ಕೂಸೇ. ಅವಳು ನಗುತ್ತಿದ್ದಾಳೆ ಅಂತ ಬೇರೆ ಹೇಳಿದೆ! ಅವಳು ನಗುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು.

ಸುಳ್ಳು ಹೇಳುವವರು ನೆಗೆಟಿವ್ ಬಿಟ್ಟುಹೋಗಬಾರದು. ನೀನು ಬಿಟ್ಟುಹೋದೆ. ನಾನು ನೋಡಲಿ ಅಂತಲೇ ಬಿಟ್ಟೆಯೋ, ನನ್ನದನ್ನು ನನಗೆ ಬಿಟ್ಟೆಯೋ, ಗೊತ್ತಿಲ್ಲ.

ಅವಳ ಮುಖ ಹೋಯಿತು. ನಿನ್ನೆ ಪ್ರಿಂಟ್ ಹಿಡಿದುಕೊಂಡು ದೀಪ ಹಾಕದೆ ಕೂತು ಅತ್ತೆ. ಇದನ್ನೂ ನಿನಗೆ ಹೇಳದೆ ಬಿಟ್ಟರೆ ಇನ್ನು ಮೂರು ವರ್ಷ ಹಾಗೇ ಕಳೆದೀತು ಅಂತ ಹೇಳುತ್ತಿದ್ದೇನೆ. ಕೈ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಉಗುರಿನ ಪಕ್ಕ ಸೂಜಿ ಚುಚ್ಚಿದ ಗುರುತೂ ಕಾಣುತ್ತದೆ. ಆ ಕೈ ಹಿಡಿದದ್ದು ಇನ್ನೂ ನಿನ್ನದೇ ಜಾಗ. ಅದನ್ನು ನೀನು ಬರಲಿಲ್ಲ ಅಂತ ಓದಬೇಡ. ಅವಳು ಹಾಗೆ ಹೇಳಲಿಲ್ಲ. ಬಂದೇ ಬರ್ತಾಳೆ ಅಂದಳು.

ಗೋಡೆಗೆ ಸರಿಸಿದ ಕುರ್ಚಿಯನ್ನು ತಂದು ದೀಪದ ಕೆಳಗೆ ಮತ್ತೆ ಮೊದಲಿನ ಹಾಗೇ ಇಟ್ಟಿದ್ದೇನೆ. ಒಂದು ಫಿಲ್ಮ್ ಉಳಿದಿದೆ. ಈ ಸಲ ನನ್ನ ಪದ್ಧತಿಯಲ್ಲೇ ತುಂಬಿಸಿದ್ದೇನೆ, ಕಪ್ಪು ಹೊರಗೆ. ಆಕಾಶ ಚೆನ್ನಾಗಿಲ್ಲದ ದಿನ ಯಾವುದಾದರೂ ಇದ್ದರೆ ಬಾ. ನಿನ್ನ ಕುರ್ಚಿಯಲ್ಲಿ ನೀನು ಕೂರು, ಅವಳದರಲ್ಲಿ ನಾನು ಕೂರುತ್ತೇನೆ.

ಕ್ಯಾಮೆರಾ ಇಲ್ಲಿ ಬಿಟ್ಟುಹೋದೆ, ರಬ್ಬರ್ ಗುಂಡು ಮಾತ್ರ ನಿನ್ನ ಹತ್ತಿರವೇ ಉಳಿದಿದೆ, ಮರೆಯದೆ ತಾ. ಕೊಳವೆ ಕುರ್ಚಿಯವರೆಗೆ ಬರುತ್ತದೆ. ಈ ಸಲ ನಾನು ಕಚ್ಚುತ್ತೇನೆ. ಕೈ ಬಿಡುವಾಗಿರಬೇಕು.

ಅಪ್ಪ